ಎರಡು ಬೀಗದ ಪೆಟ್ಟಿಗೆ

ಬ್ಯಾಂಕಿನ ತಿಜೋರಿಯನ್ನು ಮೂವತ್ತು ವರ್ಷ ಕಾಯ್ದವನು ನಾನು! ಒಂದು ಕೀಲಿ ಮ್ಯಾನೇಜರ್ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಆದ ನನ್ನ ಬಳಿ. ಇಬ್ಬರೂ ಒಟ್ಟಿಗೆ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಇಂಥ ನಾನು ನನ್ನ, ನನ್ನ ಹೆಂಡತಿಯ ಮುಪ್ಪಿಗೆಂದು ಕೂಡಿಟ್ಟ ದುಡ್ಡನ್ನು ಕಾಯಲಾರೆನೇ? ಕಾಯ್ದೇ ತೋರಿಸುತ್ತೇನೆಂದು ನಿವೃತ್ತಿಗೆ ಒಂದು ವರ್ಷ ಮೊದಲೇ ಪಣ ತೊಟ್ಟೆ.

"ಉಳಿತಾಯದಲ್ಲಿ ಒಂದು ಪಾಲು ಲೋಹದಲ್ಲಿ ಇರಬೇಕು ಕಣೇ. ಬೆಳ್ಳಿ ತಗೊಳ್ಳೋಣ."

"ಲೋಹ ಅಂದ್ರೆ ಚಿನ್ನ ಕಣ್ರೀ. ಬೆಳ್ಳಿ ಅಂದ್ರೆ ಉಜ್ಜೋ ಕೆಲಸ. ಉಜ್ಜೋಳು ನಾನು."

"ಬೆಳ್ಳಿ ಗಗನಕ್ಕೇರುತ್ತೆ ನೋಡ್ತಿರು!"

"ಶೇರು ಕೊಂಡಾಗ್ಲೂ ಹೀಗೇ ಅಂದಿದ್ರಿ. ಗಗನಕ್ಕೆ ಹೋಗಿದ್ದು ಇನ್ನೂ ವಾಪಸ್ ಬಂದಿಲ್ಲ!"

ಒಂದು ವಾರ ಮನೆಯಲ್ಲಿ ಮೌನಯುದ್ಧ ನಡೆದು, ಕೊನೆಗೆ ಒಪ್ಪಂದವಾಯಿತು. ಅರ್ಧ ಹಣಕ್ಕೆ ಚಿನ್ನದ ನಾಣ್ಯ, ಅರ್ಧಕ್ಕೆ ಬೆಳ್ಳಿಯ ಗಟ್ಟಿ. ಎಲ್ಲವೂ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ. ಅದಕ್ಕೆ ಬ್ಯಾಂಕಿನ ಪದ್ಧತಿಯಂತೆ ಎರಡು ಬೀಗ. ಒಂದರ ಕೀಲಿ ಅವಳದು, ಇನ್ನೊಂದರದು ನನ್ನದು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ತಿಂಗಳು ಕಳೆಯುವುದರೊಳಗೆ ಬೆಳ್ಳಿಯ ಬೆಲೆ ಏರಲಿದೆಯೆಂದು ಪೇಪರಿನಲ್ಲಿ ಓದಿದೆ. ಕೈ ಕಡಿಯತೊಡಗಿತು. ಹೆಂಡತಿಗೆ ಹೇಳಿದರೆ ಒಪ್ಪುವುದಿಲ್ಲ. ಹೇಳದೇ ಇದ್ದರೆ ಒಪ್ಪದಿರುವ ಪ್ರಶ್ನೆಯೇ ಬರುವುದಿಲ್ಲ! ಅವಳು ಸ್ನಾನಕ್ಕೆ ಹೋದಾಗ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಅವಳ ಕೀಲಿ ಎತ್ತಿಕೊಂಡು ಹೋಗಿ ನಕಲು ಮಾಡಿಸಿ, ಅಸಲನ್ನು ಮತ್ತೆ ಅಲ್ಲೇ ಇಟ್ಟೆ. ಎರಡು ಚಿನ್ನದ ನಾಣ್ಯ ಜೇಬಿಗಿಳಿಸಿ, ನಾವು ಕೊಂಡಿದ್ದ ಅದೇ ಆಭರಣದಂಗಡಿಗೆ ಓಡಿದೆ.

"ಇದಕ್ಕೆ ಬೆಳ್ಳಿ ಕೊಡಿ."

"ಬದಲಾಯಿಸಿದ್ರೆ ಸ್ವಲ್ಪ ಕಡಿತ ಆಗುತ್ತೆ ಸಾರ್," ಎಂದು ಅಂಗಡಿಯವರು ಮುಗುಳ್ನಕ್ಕರು.

"ಆಗ್ಲಿ. ಮನೇಲಿ ಮಾತ್ರ ಗೊತ್ತಾಗಬಾರದು!"

"ಅಯ್ಯೋ, ಇಲ್ಲಿಗೆ ಬರೋರೆಲ್ಲ ಅದನ್ನೇ ಹೇಳ್ತಾರೆ ಸಾರ್."

ಒಮ್ಮೆ ರುಚಿ ಹತ್ತಿದ ಮೇಲೆ ಬಿಡುವುದುಂಟೇ! ಆಗಾಗ ಹೋಗುತ್ತಲೇ ಇದ್ದೆ. ಎಷ್ಟು ತೆಗೆದರೂ ಚಿನ್ನ ಮುಗಿಯುತ್ತಿರಲಿಲ್ಲ. ಪೆಟ್ಟಿಗೆ ಅಕ್ಷಯಪಾತ್ರೆಯೇ ಆಗಿದೆಯೆಂದು ಹಿಗ್ಗಿದೆ. ಎಣಿಸಿ ನೋಡಲು ಮಾತ್ರ ಧೈರ್ಯವಿರಲಿಲ್ಲ. ನನ್ನ ಕೀಲಿ, ಅವಳದರ ನಕಲು ಎರಡನ್ನೂ ಹೆಂಡತಿಯ ಕೈಗೆಟುಕದೆಂದು ನಾನು ನಂಬಿದ್ದ ಏಕೈಕ ಜಾಗದಲ್ಲಿ, ಅಂದರೆ ಬ್ಯಾಂಕಿನ ಕೀಲಿಗೊಂಚಲಿನಲ್ಲಿ ಸಿಕ್ಕಿಸಿಟ್ಟಿದ್ದೆ.

ನಿವೃತ್ತಿಯ ದಿನ ಬಂತು. ಭಾಷಣ ಕೇಳಿ ಕಣ್ಣು ತುಂಬಿಕೊಂಡು, ಹೊಸ ಕ್ಯಾಶಿಯರ್ ಕೈಗೆ ಗೊಂಚಲು ಒಪ್ಪಿಸಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹೆಂಡತಿ, "ಪೆಟ್ಟಿಗೆ ತೆಗೀರಿ, ಒಟ್ಟು ಎಷ್ಟಿದೆ ನೋಡೋಣ," ಎಂದಳು. ಆಗ ನೆನಪಾಯಿತು! ಇಲ್ಲದ ಕೀಲಿಗಾಗಿ ಮನೆಯಿಡೀ ತಡಕಾಡಿದೆ. ಸ್ವಲ್ಪ ಹೊತ್ತು ನೋಡಿದ ಅವಳು ಸಕ್ಕರೆ ಡಬ್ಬಿಯಿಂದ ಒಂದು ಕೀಲಿ ತೆಗೆದು ನನ್ನ ಬೀಗಕ್ಕೆ ಹಾಕಿದಳು. ಬೀಗ ತೆರೆದುಕೊಂಡಿತು.

"ನನ್ನ ಕೀಲೀದು ನಕಲು ಮಾಡಿಸಿದ್ಯಾ?" ಎಂದು ಗುಡುಗಿದೆ. "ವಿಶ್ವಾಸದ್ರೋಹ! ಬ್ಯಾಂಕಲ್ಲಾಗಿದ್ರೆ ನಿನ್ನ ಕೆಲಸ ಹೋಗ್ತಿತ್ತು!"

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಹೊಸ ಕ್ಯಾಶಿಯರ್.

"ಸಾರ್, ಗೊಂಚಲಲ್ಲಿ ಎರಡು ಕೀಲಿ ಹೆಚ್ಚಿಗೆ ಇತ್ತು. ನಿಮ್ಮನೇದಾ?"

"ಎರಡಾ?" ಎಂದಳು ಹೆಂಡತಿ.

ನಾನು ಬಾಯಿ ತೆರೆಯುವ ಮೊದಲೇ ಅವನ್ನು ಇಸಿದುಕೊಂಡು, ಒಂದನ್ನು ತನ್ನ ಬೀಗಕ್ಕೆ ಹಾಕಿ ತಿರುಗಿಸಿದಳು. ಅದೂ ಸಲೀಸಾಗಿ ತೆರೆಯಿತು! ಕ್ಯಾಶಿಯರ್ ಮೆಟ್ಟಿಲಿಳಿದು ಓಟ ಕಿತ್ತ.

ಪೆಟ್ಟಿಗೆಯೊಳಗೆ ಅರ್ಧ ಚಿನ್ನ, ಅರ್ಧ ಬೆಳ್ಳಿ. ಒಪ್ಪಂದ ಒಂದಿಷ್ಟೂ ಮುರಿದಿರಲಿಲ್ಲ. ಆದರೆ ಎರಡೂ ಮೊದಲಿದ್ದುದರ ಅರ್ಧಕ್ಕೆ ಇಳಿದಿದ್ದವು!

"ನಾನು ಚಿನ್ನ ಕೊಟ್ಟು ಬೆಳ್ಳಿ ತಂದೆ," ಎಂದೆ ತಲೆ ತಗ್ಗಿಸಿ.

"ನಾನು ಬೆಳ್ಳಿ ಕೊಟ್ಟು ಚಿನ್ನ ತಂದೆ," ಎಂದಳು ಅವಳು, ಇನ್ನೂ ಮೆಲ್ಲಗೆ.

"ಯಾವ ಅಂಗಡೀಲಿ?"

"ನಾವು ಕೊಂಡ ಅದೇ ಅಂಗಡೀಲಿ. ಪ್ರತಿ ಸಲ ಸ್ವಲ್ಪ ಕಡಿತ ಮಾಡ್ಕೊಳ್ತಿದ್ರು," ಎಂದಳು. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ದಡದಡನೆ ನಡೆದೆವು. ಅಂಗಡಿಯ ಬಾಗಿಲು ಮುಚ್ಚಿತ್ತು. ಮೇಲೊಂದು ಬೋರ್ಡು: "ಮಾಲೀಕರು ನಿವೃತ್ತರಾಗಿದ್ದಾರೆ. ಗ್ರಾಹಕರ ಸಹಕಾರಕ್ಕೆ ಕೃತಜ್ಞತೆಗಳು."

ಹೆಂಡತಿ ಅದನ್ನು ಎರಡು ಸಲ ಓದಿದಳು.

"ಬಿಡಿ, ನಿವೃತ್ತಿಗೆ ಅಂತ ಇಟ್ಟಿದ್ದು ನಿವೃತ್ತಿಗೇ ಆಯ್ತಲ್ರೀ," ಎಂದಳು. "ಯಾರದು ಅಂತ ನಾವು ಒಪ್ಪಂದದಲ್ಲಿ ಬರೆದಿರಲಿಲ್ಲ ಅಷ್ಟೆ!"