ಇಂಜಿನಿಯರ್ ಸಾಹೇಬರಿಗೆ ಹಾಕಿದ ರಂಗೋಲಿ

ಖಾಲಿ ರಸ್ತೆಯನ್ನು ನೋಡುತ್ತಾ ಕೂತರೆ ನನಗೆ ಕಣ್ಣು ತೆರೆದೇ ಕನಸು ಬೀಳುತ್ತದೆ. ಈಗಲೂ ಹಾಗೆಯೇ. "ಅಜ್ಜಿ ತೂಕಡಿಸ್ತಿದಾಳೆ" ಎಂದು ನೀವು ಮೊಮ್ಮಕ್ಕಳು ನಗುತ್ತೀರಿ. ನಾನು ತೂಕಡಿಸುತ್ತಿರುವುದಿಲ್ಲ, ಎಲ್ಲೋ ಹೋಗಿರುತ್ತೇನೆ. ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಇದ್ದದ್ದು ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ರಸ್ತೆಗೆ ಅಂಟಿಕೊಂಡೇ. ಮಧ್ಯಾಹ್ನ ಜಗಲಿಯ ಮೇಲೆ ಕೂತರೆ ಮಾವಿನ ತೋಪಿನ ಪಕ್ಕದಲ್ಲಿ ಟಾರು ಬಿಸಿಲಿಗೆ ನೀರಿನಂತೆ ಅಲುಗುತ್ತಿತ್ತು. ಈ ರಸ್ತೆ ಮುಂದೆ ಮದರಾಸಿನ ದೊಡ್ಡ ರಸ್ತೆಯನ್ನು ಸೇರುತ್ತದೆ, ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಹೀಗೆ ಎಲ್ಲೂ ಕಡಿಯದೆ ದೆಹಲಿಯವರೆಗೆ. ಅಂದರೆ ನಮ್ಮ ಬಾಗಿಲ ಮುಂದಿನ ಟಾರೂ ದೆಹಲಿಯ ಟಾರೂ ಒಂದೇ ಸೀರೆಯ ಎರಡು ತುದಿ! ನಾನು ದೆಹಲಿ ತಲುಪುವಷ್ಟರಲ್ಲಿ ಒಳಗಿನಿಂದ ಸಾರು ಸೀದ ವಾಸನೆ ಬರುತ್ತಿತ್ತು.

ನಮ್ಮ ಕಡೆಯ ತುದಿ ಮಾತ್ರ ಹರಿದುಹೋಗಿತ್ತು. ಒಂದೊಂದು ಗುಂಡಿಯಲ್ಲಿ ಎಮ್ಮೆ ಮಲಗಬಹುದಿತ್ತು. "ಯಾಕ್ರೀ ರಿಪೇರಿ ಮಾಡಲ್ಲ?" ಎಂದು ಕೇಳಿದರೆ ನಿಮ್ಮ ತಾತ, "ಸರ್ಕಾರದ ದುಡ್ಡು ಕೆರೆ ನೀರು ಇದ್ದಂಗೆ ಕಣೇ. ಮೊದಲು ದೊಡ್ಡ ರಸ್ತೆ ಕುಡಿಯುತ್ತೆ, ಆಮೇಲೆ ಜಿಲ್ಲೆ ರಸ್ತೆ. ನಮ್ದು ಕಾಲುವೆ ಕೊನೇ ಗದ್ದೆ" ಅನ್ನುತ್ತಿದ್ದರು. ನಾನು ಜಗಲಿಯಲ್ಲೇ ಕೂತು, ಕಾಲುವೆಯಲ್ಲಿ ನೋಟುಗಳು ತೇಲಿಬಂದು ಎಲ್ಲೋ ದೂರದಲ್ಲೇ ಇಂಗಿಹೋಗುವುದನ್ನು ನೋಡುತ್ತಿದ್ದೆ.

ಒಂದು ದಿನ ಬಸ್ಸಿನ ಡ್ರೈವರು ರೇಗಿ, "ಇನ್ನೊಂದ್ ಸಲ ಗುಂಡೀಗ್ ಬಿದ್ದು ಸ್ಪ್ರಿಂಗ್ ಪಟ್ಟಿ ಕಟ್ಟಾದ್ರೆ ಈ ಕಡೆ ಬಸ್ಸೇ ತರಲ್ಲ" ಎಂದು ಕೂಗಿ ಹೋದ. ನಿಮ್ಮಮ್ಮ ಆ ಬಸ್ಸಿನಲ್ಲೇ ಶ್ರೀನಿವಾಸಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಬಸ್ಸು ನಿಂತರೆ ಅವಳ ಓದೂ ನಿಂತು, ಅವಳೂ ನನ್ನ ಪಕ್ಕದಲ್ಲಿ ಜಗಲಿ ಸೇರುವುದು ಖಂಡಿತ. ಅಷ್ಟರಲ್ಲಿ ಸುದ್ದಿ ಬಂತು: ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬರುತ್ತಾರೆ, ಯಾವ ರಸ್ತೆ ಹೆಚ್ಚು ಕೆಟ್ಟಿದೆಯೋ ಅದಕ್ಕೇ ಈ ವರ್ಷ ಟಾರು.

ದೊಡ್ಡವರು ಮನೆ ಮುಂದೆ ಬರುತ್ತಾರೆಂದರೆ ನಮ್ಮ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಎದುರುಮನೆಯ ವೆಂಕಟಮ್ಮಕ್ಕ ಸೆರಗು ಸಿಕ್ಕಿಸಿದಳು. "ಇಂಥಾ ರಸ್ತೇಲಿ ಸಾಹೇಬ್ರನ್ನ ಬರಮಾಡ್ಕೊಂಡ್ರೆ ಊರಿನ ಮಾನ ಏನಾಗ್ಬೇಕೇ?" ಬೆಳಿಗ್ಗೆ ಎದ್ದವರೇ ಎಲ್ಲರೂ ಗುಂಡಿಗಳಿಗೆ ಹಸಿ ಕೆರೆ ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿದರು. ರಂಗೋಲಿ ನನ್ನ ಪಾಲಿಗೆ ಬಂತು. ಹೊರಗಿನವರ ಎದುರು ಮಾತಾಡಲು ಬಾರದವಳಿಗೆ ದೇವರು ಬೆರಳಿನಲ್ಲಿ ಒಂದಿಷ್ಟು ಕೊಟ್ಟಿದ್ದ. ಪ್ರತಿ ಗುಂಡಿಯ ಮೇಲೂ ಒಂದು ತಾವರೆ ಬಿಡಿಸಿದೆ. ತೆಳು ಮಂಜಿನಲ್ಲಿ ರಸ್ತೆ ಹೂಬಿಟ್ಟ ಕೆರೆಯ ಹಾಗೆ ಕಂಡಿತು. ನಾವು ಯಾತಕ್ಕಾಗಿ ಸಾಹೇಬರನ್ನು ಕಾಯುತ್ತಿದ್ದೇವೆ ಎನ್ನುವುದೇ ನನಗೆ ಮರೆತುಹೋಯಿತು.

ಜೀಪು ಬಂತು. ಓಡಿಸುತ್ತಿದ್ದ ಬಾಷಾ ಸಾಬರು ಬಲು ಮರ್ಯಾದಸ್ಥರು. ರಂಗೋಲಿಯ ಮೇಲೆ ಚಕ್ರ ಹತ್ತಿಸಬಾರದೆಂದು ಒಂದೊಂದನ್ನೂ ಬಳಸಿಕೊಂಡು, ಹಾವು ಹರಿದ ಹಾಗೆ ಬಂದರು. ಒಂದು ಕುಲುಕೂ ಇಲ್ಲ! ಸಾಹೇಬರು ಇಳಿದು, "ರಸ್ತೆ ಇಷ್ಟು ಚೆನ್ನಾಗಿದೆಯಲ್ರೀ!" ಎಂದರು.

"ಇಲ್ಲ ಸಾರ್, ಕೆಳಗೆ ಗುಂಡಿ ಇದೆ" ಎಂದರು ನಿಮ್ಮ ತಾತ.

"ಎಲ್ಲಾ ಊರಲ್ಲೂ ಇದೇ ಹೇಳ್ತಾರೆ. ನಾನು ಕೂತ್ಕೊಂಡೇ ಬಂದೆನಲ್ಲ, ನನ್ನ ಸೊಂಟಕ್ಕೆ ಗೊತ್ತಾಗಲ್ವಾ?"

"ನಮ್ಮೂರು ಅಂದ್ರೆ ಹಿಂಗೇ ಸಾಮಿ, ಶಾನೆ ಚೊಕ್ಕಟ!" ವೆಂಕಟಮ್ಮಕ್ಕ ಬೀಗಿದಳು. ಸಾಹೇಬರು ಮತ್ತೆ ಜೀಪಿನ ಕಡೆ ತಿರುಗಿದರು.

ನಾನು ಬಾಗಿಲ ಸಂದಿಯಲ್ಲಿದ್ದೆ. ನಿಮ್ಮಮ್ಮ ಪುಸ್ತಕದ ಚೀಲ ಎದೆಗೊತ್ತಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದಳು. ಕೂಗೋಣವೆಂದು ಬಾಯಿ ತೆರೆದೆ. ಬರೀ ಗಾಳಿ ಬಂತು. ಪ್ಯಾಂಟು ಹಾಕಿದವರ ಎದುರು ನಾನು ಅದುವರೆಗೆ ಮಾತಾಡಿದ್ದೇ ಇಲ್ಲ. ಆದರೆ ಕಾಲು ನನ್ನನ್ನು ಕೇಳಲಿಲ್ಲ. ನೆಟ್ಟಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ತಾವರೆಯ ನಡುವೆ ಕಾಲಿಟ್ಟೆ. ಮೊಣಕಾಲವರೆಗೆ ಇಳಿಯಿತು.

"ಅಯ್ಯೋ ದೇವುಡಾ! ತಾನೇ ಹಾಕಿದ ರಂಗೋಲಿ ತುಳುದ್ಬಿಟ್ಲಲ್ಲೇ!" ಎಂದು ವೆಂಕಟಮ್ಮಕ್ಕ ಚೀರಿದಳು.

ಬಾಷಾ ಸಾಬರು ಹಣೆ ಬಡಿದುಕೊಂಡರು. "ಅರೆ ಅಮ್ಮಾ, ನಾನು ಸುತ್ಕೊಂಡ್ ಸುತ್ಕೊಂಡ್ ಬಂದಿದ್ದು ಇದಕ್ಕೇನಾ?"

ಸಾಹೇಬರು ನನ್ನ ಕಾಲನ್ನು ನೋಡಿದರು, ಮುಂದಿನ ತಾವರೆಗಳನ್ನೆಲ್ಲ ನೋಡಿದರು. "ಬಾಷಾ, ಈಗ ನೇರ ಓಡಿಸು" ಎಂದು ಹತ್ತಿ ಕೂತರು. ಊರಾಚೆ ಹೋಗಿ ತಿರುಗಿ ಬರುವಷ್ಟರಲ್ಲಿ ಅವರ ಕನ್ನಡಕ ಗಲ್ಲಕ್ಕೆ ಜಾರಿತ್ತು, ಒಂದು ಕೈ ಸೊಂಟದ ಮೇಲಿತ್ತು.

ಟಾರು ಬಂತು. ದುಡ್ಡು ಮುಗಿಯುವವರೆಗೆ, ಅಂದರೆ ನಮ್ಮೂರಿನ ಕೊನೆಯ ಮನೆಯವರೆಗೆ. ಬಸ್ಸು ನಿಲ್ಲಲಿಲ್ಲ, ನಿಮ್ಮಮ್ಮನ ಓದೂ ನಿಲ್ಲಲಿಲ್ಲ. ಮಾರನೆಯ ವರ್ಷ ಆಚೆ ಊರಿನ ಹೆಂಗಸರು ಅರಿಶಿನ ಕುಂಕುಮ ಹಿಡಿದು ನಮ್ಮ ಮನೆಗೆ ಬಂದರು. "ನಮ್ಮೂರಿಗೂ ಸಾಹೇಬ್ರು ಬರ್ತಾರಂತೆ ಅಕ್ಕಾ. ನೀನ್ ಬಂದು ನಮ್ಮ ಗುಂಡೀಲಿ ಒಂದ್ಸಲ ನಿಂತ್ಕೊ, ಸಾಕು. ಮಾತೇನೂ ಆಡ್ಬೇಕಿಲ್ಲ."

ಮಾತಾಡಬೇಕಿಲ್ಲ ಎಂದ ಮೇಲೆ ನನಗೇನಂತೆ? ಹಳೇ ಸೀರೆಯೊಂದನ್ನು ಉಟ್ಟುಕೊಂಡು ಹೊರಟೆ.