ದರ್ಜಿ ಹೊಲಿದ ಜೀವಕೋಶ

ಕನ್ನಡಕ ಹುಡುಕುವ ಮೊದಲೇ ಕುರ್ಚಿಯ ಮೇಲೆ ಕೂತದ್ದು ದರ್ಜಿಯ ತಪ್ಪು. ಮಗಳು ಮೂರು ದಿನ ಕಷ್ಟಪಟ್ಟು ಜೇಡಿಮಣ್ಣಿನಲ್ಲಿ ಮಾಡಿದ್ದ ಪ್ರಾಣಿ ಜೀವಕೋಶದ ಮಾದರಿ ಅದೇ ಕುರ್ಚಿಯ ಮೇಲೆ ಒಣಗುತ್ತಿತ್ತು. ಅವನು ಎದ್ದು ನೋಡುವಷ್ಟರಲ್ಲಿ ಅದು ಇಸ್ತ್ರಿಗೆ ಸಿಕ್ಕ ಕಾಲರಿನಂತೆ ಚಪ್ಪಟೆಯಾಗಿತ್ತು.

"ಅಪ್ಪಾ! ಹತ್ತು ಗಂಟೆಗೆ ಸ್ಕೂಲಲ್ಲಿ ಸ್ಪರ್ಧೆ ಕಣಪ್ಪಾ!" ಮಗಳು ಗೊಳೋ ಎಂದಳು.

"ಅಳಬೇಡ ಪುಟ್ಟಿ. ಸೂಟು ಹೊಲಿಯೋನಿಗೆ ಒಂದು ಕೋಶ ಯಾವ ಲೆಕ್ಕ? ಅಳತೆ ಹೇಳು."

"ಅದು ಕಣ್ಣಿಗೇ ಕಾಣಲ್ಲಪ್ಪ. ನಮ್ಮ ಮೈಯೆಲ್ಲಾ ಅದರಿಂದಲೇ ಆಗಿರೋದು."

ಕಣ್ಣಿಗೆ ಕಾಣದ ಗಿರಾಕಿಗೆ ಹೊಲಿಯುವುದು ಅವನಿಗೆ ಇದೇ ಮೊದಲು. ಮಗಳು ಪುಸ್ತಕ ಹಿಡಿದು ಹೇಳುತ್ತಾ ಹೋದಳು, ಅವನು ಹೊಲಿಯುತ್ತಾ ಹೋದ. ಮೆತ್ತನೆಯ ಲೈನಿಂಗ್ ಬಟ್ಟೆ ಕೋಶಪೊರೆಯಾಯಿತು. ನಡುವೆ ನೀಲಿ ಚೀಲವೊಂದು ಕೋಶಕೇಂದ್ರ. ಅದರೊಳಗೆ ಡಿಎನ್ಎ ಎಂದು ಕೆಂಪು ದಾರದ ಸಿಕ್ಕು. ಪ್ರೋಟೀನು ತಯಾರಿಸುವ ರೈಬೋಸೋಮುಗಳಿಗೆ ರವಿಕೆಯ ಮಣಿ.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಇಣುಕಿದರು. "ಮೈಟೊಕಾಂಡ್ರಿಯಾ ಎಲ್ಲಿ? ಶಕ್ತಿ ಕೊಡೋದೇ ಅದು. ಇಲ್ದಿದ್ರೆ ನಿಮ್ಮ ಕೋಶ ಉಪವಾಸ ಸಾಯುತ್ತೆ!"

ಹತ್ತಿ ತುಂಬಿದ ನಾಲ್ಕು ಮೈಟೊಕಾಂಡ್ರಿಯಾ ಸೇರಿದವು.

ಎದುರುಮನೆಯ ಬಡಗಿ ಸುಮ್ಮನಿರುವ ಆಸಾಮಿಯೇ? ದರ್ಜಿ ಅಂಗಿ ಹಾಕಿಕೊಂಡು ಬರುವುದರೊಳಗೆ ಕೋಶದ ಸುತ್ತ ಮರದ ಪಟ್ಟಿ ಅಂಟಿಸಿಬಿಟ್ಟಿದ್ದ. "ಹೀಗೆ ಜೋಲುಬಿದ್ರೆ ಯಾರಣ್ಣ ಬಹುಮಾನ ಕೊಡ್ತಾರೆ? ಗೋಡೆ ಕಟ್ಟಿದೀನಿ ನೋಡು."

"ಅಯ್ಯೋ ಪುಣ್ಯಾತ್ಮ, ಗೋಡೆ ಇರೋದು ಗಿಡದ ಕೋಶಕ್ಕೆ! ಪ್ರಾಣಿಗೆಲ್ಲಿಂದ ಬಂತು?" ನರ್ಸಮ್ಮ ಹಣೆ ಚಚ್ಚಿಕೊಂಡರು. "ಕಿತ್ತುಹಾಕು!"

"ನಾನು ಹಾಕಿದ ಅಂಟು ಈ ಜನ್ಮದಲ್ಲಿ ಬಿಡಲ್ಲ," ಎಂದ ಬಡಗಿ ಹೆಮ್ಮೆಯಿಂದ.

ಗಂಟೆ ಒಂಬತ್ತೂಮುಕ್ಕಾಲು. ಕೋಶವನ್ನು ಕ್ಯಾರಿಯರಿಗೆ ಬಿಗಿದು, ಮಗಳನ್ನು ಮುಂದೆ ಕೂರಿಸಿಕೊಂಡು ದರ್ಜಿ ಸೈಕಲ್ ತುಳಿದ. ತಿರುವಿನಲ್ಲಿದ್ದ ನಾಯಿಗೆ ಮೈಟೊಕಾಂಡ್ರಿಯಾ ಮಾಂಸದ ತುಂಡಿನಂತೆ ಕಂಡಿರಬೇಕು, ಹಾರಿ ಬಾಯಿ ಹಾಕಿತು. ದರ್ಜಿ ಒಂದು ಕಡೆಗೆ ಜಗ್ಗಿದ, ನಾಯಿ ಇನ್ನೊಂದು ಕಡೆಗೆ. ಕೊನೆಗೆ ಗೆದ್ದದ್ದು ನಾಯಿಯೇ. ನಾಲ್ಕೂ ಮೈಟೊಕಾಂಡ್ರಿಯಾ, ಜೊತೆಗೆ ನೀಲಿ ಚೀಲ ಅದರ ಪಾಲಾದವು. ಉಳಿದದ್ದು ಗೋಡೆ, ಪೊರೆ, ಮಣಿ, ಚೀಲದಿಂದ ಹೊರಬಿದ್ದ ಕೆಂಪು ದಾರ. ಹರಿದ ಲೈನಿಂಗು ಹಿಂದೆ ಬಾಲದಂತೆ ಜೋತಾಡುತ್ತಿತ್ತು.

ತರಗತಿಯಲ್ಲಿ ಮೂವತ್ತು ಕೋಶಗಳು ಸಾಲಾಗಿ ಮಿಂಚುತ್ತಿದ್ದವು. ಮಗಳು ಅಪ್ಪನ ಬೆನ್ನ ಹಿಂದೆ ಅವಿತಳು. ವಿಜ್ಞಾನದ ಟೀಚರ್ ಬಗ್ಗಿ ನೋಡಿದರು. ಇನ್ನೊಮ್ಮೆ ನೋಡಿದರು.

"ಕೋಶಕೇಂದ್ರ ಇಲ್ಲ. ಡಿಎನ್ಎ ಬಿಡಿಯಾಗಿದೆ. ಗೋಡೆ ಇದೆ, ಈಜೋಕೆ ಬಾಲಾನೂ ಇದೆ... ಬ್ಯಾಕ್ಟೀರಿಯಾ!" ಅವರು ಚಪ್ಪಾಳೆ ತಟ್ಟಿದರು. "ಎಲ್ರೂ ಕೇಂದ್ರ ಇರೋ ಕೋಶಾನೇ ಮಾಡಿದ್ರು. ಕೇಂದ್ರ ಇಲ್ಲದ್ದೂ ಒಂದು ಬಗೆ ಇದೆ ಅಂತ ಇವಳೊಬ್ಬಳಿಗೇ ಹೊಳೆದದ್ದು. ಮೊದಲ ಬಹುಮಾನ!"

ಮಗಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇದನ್ನ ಹೊಲಿದದ್ದು ನಮ್ಮಪ್ಪ, ಟೀಚರ್."

ಟೀಚರ್ ಬಹುಮಾನದ ಪೆಟ್ಟಿಗೆಯನ್ನು ಮೆಲ್ಲಗೆ ಬೀರುವಿನಲ್ಲಿಟ್ಟರು. ಆಮೇಲೆ ದರ್ಜಿಯತ್ತ ತಿರುಗಿದಾಗ ಅವರ ಮುಖ ಅರಳಿತ್ತು.

"ನಿಮ್ಮಂಥೋರನ್ನೇ ಹುಡುಕ್ತಿದ್ದೆ! ಸೋಮವಾರ ನಮ್ಮ ವಸ್ತುಪ್ರದರ್ಶನ. ಮನುಷ್ಯನ ಮೈಯಲ್ಲಿ ಸುಮಾರು ಇನ್ನೂರು ಬಗೆಯ ಕೋಶಗಳಿವೆ. ಚಿಂತೆ ಮಾಡ್ಬೇಡಿ, ಬಟ್ಟೆ ನಾವೇ ಕೊಡ್ತೀವಿ."