ಕಣ್ಣಿಲ್ಲದ ಧಾನ್ಯದೇವಿ

ಶಶಿಧರ ಇಂಜಿನಿಯರ್ ಕೆಲಸ ಬಿಟ್ಟು, ಹಳೆಯ ರೋಮಿನ ಮಾದರಿಯಲ್ಲಿ ಅಮೃತಶಿಲೆಯ ಮೂರ್ತಿಗಳನ್ನು ಕೆತ್ತುತ್ತ ಕುಳಿತು ಹತ್ತು ವರ್ಷವಾಗಿತ್ತು. ಕೊಳ್ಳಬೇಕಾದ ರೋಮನ್ನರು ಯಾವತ್ತೋ ತೀರಿಹೋಗಿದ್ದರಿಂದ ಒಂದೂ ಮಾರಾಟವಾಗಿರಲಿಲ್ಲ. ಅಮೆರಿಕದ ಸ್ಯಾನ್ ಹೊಸೆಯ ಅವನ ಗ್ಯಾರೇಜಿನಲ್ಲಿ ನೀಳ ಮೂಗಿನ, ಅರೆಬಟ್ಟೆಯ ಕಲ್ಲಿನ ಸಂಸಾರವೊಂದು ಹಾಯಾಗಿತ್ತು; ಕಾರು ಬೀದಿಯಲ್ಲಿತ್ತು.

ವರಮಹಾಲಕ್ಷ್ಮಿಯ ಶುಕ್ರವಾರ ಹೆಂಡತಿ ವಸುಧಾ ಕೊನೆಯ ಮಾತು ಹೇಳಿಬಿಟ್ಟಳು. ಈ ವಾರವೂ ಯಾರೂ ಕೊಳ್ಳದಿದ್ದರೆ, ಸೋಮವಾರ ಪ್ಲೆಸೆಂಟನ್ನಿನ ಆಫೀಸೊಂದಕ್ಕೆ ಇಂಟರ್‌ವ್ಯೂಗೆ ಹೋಗತಕ್ಕದ್ದು. ಶಶಿಧರ ಮುಖ ಊದಿಸಿಕೊಂಡು ಪಾಲಿಷ್ ಪುಡಿ ತರಲು ಹೋದ.

ಅಂಗಡಿಯಲ್ಲಿರುವಾಗಲೇ ಫೋನು ಬಂತು. ಅವನ ಒಂದು ಪತ್ರಕ್ಕೂ ಉತ್ತರಿಸದಿದ್ದ ಲಾಸ್ ಆಲ್ಟೋಸಿನ ಗ್ಯಾಲರಿಯ ಯಜಮಾನ, ನಿಮ್ಮ ದೇವಿಯ ಮೂರ್ತಿಯನ್ನು ಕೊಳ್ಳುವ ಮನಸ್ಸಿದೆ, ಈಗಲೇ ಹೊರಟಿದ್ದೇನೆ ಎಂದ.

ಹಾರಿಬಂದು ಗ್ಯಾರೇಜು ತೆರೆದ ಶಶಿಧರ ಬಾಗಿಲಲ್ಲೇ ನಿಂತುಬಿಟ್ಟ. ಅವನು ಕೆತ್ತಿದ ರೋಮಿನ ಧಾನ್ಯದೇವಿ ವರಮಹಾಲಕ್ಷ್ಮಿಯಾಗಿ ಹಸಿರು ರೇಷ್ಮೆಸೀರೆಯುಟ್ಟು, ಕಾಡಿಗೆಯ ದೊಡ್ಡ ಕಣ್ಣುಗಳಿಂದ, ತಡವಾಗಿ ಬಂದ ಗಂಡನನ್ನು ನೋಡುವಂತೆ ನೋಡುತ್ತಿದ್ದಳು. ಪಕ್ಕದ ಮನೆಯ ಪ್ರಭಾ ಆರತಿ ತಟ್ಟೆ ಹಿಡಿದಿದ್ದಳು. ಧಾರವಾಡದಿಂದ ಬಂದಿದ್ದ ಅತ್ತೆ ಲಿಂಗಮ್ಮ ಕಾಡಿಗೆಯ ಬೆರಳು ಒರೆಸಿಕೊಳ್ಳುತ್ತಿದ್ದರು.

“ಎಲ್ಲಾ ಕೆತ್ತಿ ಕಣ್ಣಗುಡ್ಡಿ ಮರ್ತೀರಲ್ರೀ. ನಾನ ಬರದು ದೇವೀ ಕಣ್ಣ ತೆರಸೀನಿ,” ಎಂದರು.

“ರೋಮ್ ಕಡೆ ಕಣ್ಣು ಖಾಲಿ ಬಿಡೋದೇ ಶಾಸ್ತ್ರ, ಅತ್ತೆ.”

“ಅದಕ್ಕ ಆ ರಾಜ್ಯ ಮುಳುಗಿದ್ದು.”

“ಭುಜ ಎಲ್ಲಾ ಬರೀ ಇತ್ತು, ಶಶಿ ಅವ್ರೇ,” ಎಂದು ಪ್ರಭಾ ಸೇರಿಸಿದಳು. “ಕುಂಕುಮಕ್ಕೆ ಬರೋರು ಏನಂದ್ಕೋತಾರೆ?”

ಶಶಿಧರ ದೇವಿಯ ಸೀರೆ ಸೆಳೆದ. ಹೆಂಗಸರು ಕಣ್ಣು ಮುಚ್ಚಿಕೊಂಡು ಶಿವ ಶಿವ ಎನ್ನುತ್ತಿದ್ದಂತೆ ಸೋಪು ನೀರು ಹಾಕಿ, ಎಣ್ಣೆ ಬಾಣಲೆ ಉಜ್ಜುವ ಹಾಗೆ ಮುಖ ಉಜ್ಜಿದ. ಕಲೆ ಉಳಿಯಿತು, ಅಂದರೆ ರೋಮಿನ ಕಲೆ. ಕಾಡಿಗೆ ಪೂರ್ತಿ ಹೋಯಿತು.

ಯಜಮಾನ ಬಂದು ದೇವಿಯನ್ನು ನೋಡಿದ, ಅವಳ ಹಿಂದೆಯೂ ಇಣುಕಿದ. ಆಮೇಲೆ ತನ್ನ ಫೋನು ತೋರಿಸಿದ. ಶಶಿಧರ ಅಂಗಡಿಗೆ ಹೋಗಿದ್ದಾಗ ಪ್ರಭಾ ಜಗತ್ತಿಗೆಲ್ಲ ಹಂಚಿದ್ದ ಚಿತ್ರ: ಸೀರೆ, ಕುಂಕುಮ, ಕಾಡಿಗೆಯ ಕಣ್ಣು.

ಬಿಳಿಗಣ್ಣಿನವು ನನ್ನ ಗೋದಾಮಿನಲ್ಲೇ ರಾಶಿ ಬಿದ್ದಿವೆ, ನೋಡಿದವರನ್ನು ತಿರುಗಿ ನೋಡುವ ಈಕೆ ಎಲ್ಲಿ ಎಂದು ಕೇಳಿದ.

ಶಶಿಧರ ಅತ್ತೆಯ ಕಾಲಿಗೆ ಬಿದ್ದ.

“ತೆರೆದ ಕಣ್ಣ ಅಳಿಸೀರಿ. ಮತ್ತ ಬರೆಯೂದು ನನ್ನ ಕೈಲೆ ಆಗೂದಿಲ್ರೀ,” ಎಂದು ಲಿಂಗಮ್ಮ ಒಳಗೆ ಹೋದರು.

ಕೊನೆಗೆ ಅವನೇ ಕಾಡಿಗೆಯಲ್ಲಿ ಬೆರಳದ್ದಿ ಕಣ್ಣು ಬರೆದ. ಯಜಮಾನ ನೋಡಿ, ವಿನಯದಿಂದ ಕೈಮುಗಿದು, ಪ್ರಸಾದ ತೆಗೆದುಕೊಂಡು ಹೊರಟುಹೋದ.

ಸೋಮವಾರ ಶಶಿಧರ ಟೈ ಕಟ್ಟಿ ಪ್ಲೆಸೆಂಟನ್ನಿಗೆ ಹೊರಟಾಗ, ಗ್ಯಾರೇಜಿನ ದೇವಿ ಒಂದು ಕಣ್ಣಿನಲ್ಲಿ ಅವನನ್ನೂ ಇನ್ನೊಂದರಲ್ಲಿ ಫ್ರೀವೇಯನ್ನೂ ನೋಡುತ್ತಿದ್ದಳು.